ಹಿಪ್ ಬದಲಿ ಆಪರೇಷನ್: ಆಸ್ಪತ್ರೆಗೆ ಮುಂಚೆ ಮನೆ ತಯಾರಾಗಲಿ

ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆ ಹಿಡಿಯುವುದು ಒಂದರಿಂದ ಎರಡು ಗಂಟೆ. ಆಸ್ಪತ್ರೆಯಲ್ಲಿ ಉಳಿಯುವುದು ಸಾಮಾನ್ಯವಾಗಿ 3ರಿಂದ 5 ದಿನ. ಆಮೇಲಿನ ಮೂರು ತಿಂಗಳು ಕಳೆಯುವುದು ಮನೆಯಲ್ಲೇ. ಆದರೆ ಯಾವ ಡಾಕ್ಟರು, ಯಾವ ಬಾಲ್ (ಹೊಸ ಕೀಲಿನ ಚೆಂಡು), ಎಷ್ಟು ದುಡ್ಡು ಅಂತ ವಿಚಾರಿಸುವವರು ಮನೆಯ ಕಕ್ಕಸು ಹೇಗಿದೆ, ಮಂಚ ಎಷ್ಟು ಎತ್ತರ ಇದೆ ಅಂತ ಯೋಚಿಸುವುದೇ ಇಲ್ಲ.

ನಾನು ಫಿಸಿಯೋಥೆರಪಿಸ್ಟ್. ಮಂಡ್ಯ, ಶ್ರೀರಂಗಪಟ್ಟಣ, ಮೈಸೂರಿನ ಸುತ್ತಮುತ್ತ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಆಪರೇಷನ್ ಚೆನ್ನಾಗಿ ಆಗಿದ್ದರೂ ಮನೆಗೆ ಬಂದ ಮೇಲೆ ಒದ್ದಾಡುವವರನ್ನು ಎಷ್ಟೋ ನೋಡಿದ್ದೇನೆ. ನಮ್ಮ ಕಡೆ ಬದುಕೇ ನೆಲದ ಮೇಲೆ. ಊಟಕ್ಕೆ ಕೂರುವುದು, ತರಕಾರಿ ಹೆಚ್ಚುವುದು, ಪೂಜೆ ಮಾಡುವುದು, ಮಲಗುವುದು ಎಲ್ಲ ನೆಲದಲ್ಲೇ. ಹೊಸ ಕೀಲಿಗೆ ಆಗಿಬರದೇ ಇರುವುದೂ ಅದೇ ನೆಲ. ಹಾಗಾಗಿ ಈ ಬರಹದಲ್ಲಿ ಆಪರೇಷನ್ ಕೋಣೆಗಿಂತ ನಿಮ್ಮ ಮನೆಯ ಬಗ್ಗೆ ಜಾಸ್ತಿ ಹೇಳುತ್ತೇನೆ. ಇಲ್ಲಿರುವುದು ಸಾಮಾನ್ಯ ಮಾಹಿತಿ. ನಿಮ್ಮ ಸರ್ಜನ್ ಬೇರೆ ಏನಾದರೂ ಹೇಳಿದ್ದರೆ ಅವರು ಹೇಳಿದ ಹಾಗೆ ನಡೆಯಿರಿ.

ಹೆಜ್ಜೆ 1: ನೋವು ಎಲ್ಲಿಂದ ಬರುತ್ತಿದೆ ಅಂತ ತಿಳಿಯಿರಿ

ತೊಡೆ ಮೂಳೆಯ ಮೇಲ್ತುದಿ ಚೆಂಡಿನ ಹಾಗಿದೆ. ಸೊಂಟದ ಮೂಳೆಯಲ್ಲಿ ಅದಕ್ಕೆ ಸರಿಯಾದ ಬಟ್ಟಲು ಇದೆ. ಒರಳಿನಲ್ಲಿ ಗುಂಡು ಕೂತ ಹಾಗೆ ಚೆಂಡು ಅದರೊಳಗೆ ತಿರುಗುತ್ತದೆ. ಈ ಕೀಲು ಹಾಳಾದರೆ ನೋವು ಹೆಚ್ಚಾಗಿ ಬರುವುದು ತೊಡೆಸಂದಿನಲ್ಲಿ. ಕೆಲವರಿಗೆ ಮಂಡಿಯವರೆಗೂ ಇಳಿಯುತ್ತದೆ, ಅವರು ಮಂಡಿ ನೋವು ಅಂದುಕೊಂಡು ಮಂಡಿಗೇ ಮುಲಾಮು ಹಚ್ಚುತ್ತಿರುತ್ತಾರೆ. ಚಕ್ಕಳಮಕ್ಕಳ ಹಾಕಲು ಆಗುವುದಿಲ್ಲ. ಕಾಲಿನ ಉಗುರು ಕತ್ತರಿಸಲು ಬಗ್ಗಲಾಗದು. ಗಾಡಿ ಹತ್ತಲು ಕಾಲು ಎತ್ತಿದರೆ ಹಿಡಿದುಕೊಳ್ಳುತ್ತದೆ. ನೋವು ಬೆನ್ನಿನ ಕೆಳಗೆ ಶುರುವಾಗಿ ಕಾಲಿನ ಹಿಂಬದಿ ಜುಮ್ಮೆನ್ನುತ್ತಾ ಪಾದದವರೆಗೆ ಹೋದರೆ ಅದು ಬೆನ್ನಿನ ನರದ್ದಾಗಿರುವ ಸಾಧ್ಯತೆ ಹೆಚ್ಚು.

ಇದು ವಯಸ್ಸಾದವರ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಚೆಂಡಿಗೆ ರಕ್ತ ಹೋಗುವುದು ನಿಂತು ಅದು ಒಳಗೇ ಕುಸಿಯುವ ಕಾಯಿಲೆ ಇದೆ. ಎವಿಎನ್ ಅಂತ ಕರೆಯುತ್ತಾರೆ. 30, 40ರ ವಯಸ್ಸಿನ ಗಂಡಸರಲ್ಲಿ ಇದು ಸಾಕಷ್ಟು ಕಾಣುತ್ತದೆ. ಜಾಸ್ತಿ ಕುಡಿತ ಮತ್ತು ಸ್ಟೀರಾಯ್ಡ್ ಔಷಧಿ ಇದರ ಮುಖ್ಯ ಕಾರಣಗಳು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಬೇಗ ಗೊತ್ತಾದರೆ ಕೀಲು ಉಳಿಸುವ ಚಿಕಿತ್ಸೆಗೆ ಅವಕಾಶ ಇರುತ್ತದೆ. ಹಾಗಾಗಿ ಚಿಕ್ಕ ವಯಸ್ಸಿನವರ ತೊಡೆಸಂದು ನೋವನ್ನು ತಿಂಗಳುಗಟ್ಟಲೆ ಮುಂದೂಡಬಾರದು.

ವಯಸ್ಸಾದವರು ಬಚ್ಚಲಲ್ಲಿ ಬಿದ್ದು ಮೂಳೆ ಮುರಿದುಕೊಂಡರೆ ಅದು ಬೇರೆ ವಿಷಯ. ಬಿದ್ದವರಿಗೆ ಎದ್ದು ನಿಲ್ಲಲಾಗದು, ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿರುತ್ತದೆ. ಅಂಥವರನ್ನು ನಾಟಿ ಪಟ್ಟು ಹಾಕಿಸಲು ಕರೆದುಕೊಂಡು ಹೋಗಬೇಡಿ. ನೇರ ಆಸ್ಪತ್ರೆಗೆ ಹೋಗಿ. ಒಂದೆರಡು ದಿನದೊಳಗೆ ಆಪರೇಷನ್ ಆದಷ್ಟೂ ಒಳ್ಳೆಯದು. ಹಾಸಿಗೆ ಹಿಡಿದ ಹಿರಿಯರಿಗೆ ನ್ಯುಮೋನಿಯಾ, ಬೆನ್ನು ಹುಣ್ಣು ಬೇಗ ಬರುತ್ತವೆ.

ಸವೆದ ಕೀಲಿಗೆ ಯಾವಾಗ ಆಪರೇಷನ್? ಮಾತ್ರೆ, ವ್ಯಾಯಾಮ, ಕೋಲು ಎಲ್ಲ ಆದ ಮೇಲೂ ರಾತ್ರಿ ನಿದ್ದೆ ಇಲ್ಲ, ಬೀದಿ ಕೊನೆವರೆಗೆ ನಡೆಯಲಾಗದು ಅನ್ನುವ ಹಂತ ಬಂದಾಗ. ಎಕ್ಸ್‌ರೇ ಕೆಟ್ಟದಾಗಿದ್ದು ನಿಮಗೆ ನೋವೇ ಇಲ್ಲದಿದ್ದರೆ ಸುಮ್ನೆ ಆತುರ ಬೇಡ. ಹಾಗಂತ ಕಾಲಿನ ಸ್ನಾಯು ಪೂರ್ತಿ ಸೊರಗುವವರೆಗೆ ಕಾಯುವುದೂ ತಪ್ಪು. ಸೊರಗಿದ ಸ್ನಾಯುವಿಗೆ ಮತ್ತೆ ಬಲ ಬರಲು ತುಂಬ ಕಾಲ ಬೇಕು.

ಹೆಜ್ಜೆ 2: ದುಡ್ಡು, ಕಾಗದ, ಪ್ರಶ್ನೆ

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಎರಡರಲ್ಲೂ ಮೂಳೆ ವಿಭಾಗ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆ ಬಳಸಬೇಕಾದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ದಾಖಲಾದ ಮೇಲೆ ಓಡಾಡಿದರೆ ಕಷ್ಟ. ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರ ಕೌಂಟರಿನಲ್ಲಿ ವಿಚಾರಿಸಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಮಾಡಿಸಿದ್ದರೆ ಅದನ್ನೂ ತೋರಿಸಿ, ಈ ಆಪರೇಷನ್ ಆ ಆಸ್ಪತ್ರೆಯಲ್ಲಿ ಅದರಡಿ ಬರುತ್ತದೆಯೇ ಕೇಳಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ.

ಖಾಸಗಿಯಲ್ಲಿ ಕೈಯಿಂದ ಕಟ್ಟುವವರು ಒಂದು ಮಾತು ಕೇಳಲೇಬೇಕು: ಹೇಳಿದ ಮೊತ್ತದಲ್ಲಿ ಕೀಲಿನ ಬೆಲೆ ಸೇರಿದೆಯೋ, ಬೇರೆಯೋ? ಬಾಲ್ ಲೋಹದ್ದೋ, ಸೆರಾಮಿಕ್‌ನದ್ದೋ ಅನ್ನುವುದರ ಮೇಲೆ ಬಿಲ್ಲು ತುಂಬ ಬದಲಾಗುತ್ತದೆ. ದುಬಾರಿಯದ್ದು ಎಲ್ಲರಿಗೂ ಬೇಕಾಗಿಲ್ಲ. 75 ವರ್ಷದವರಿಗೆ ಲೋಹದ ಬಾಲ್, ಬಟ್ಟಲಿನ ಒಳಗೆ ಒಳ್ಳೆ ಗುಣಮಟ್ಟದ ಪ್ಲಾಸ್ಟಿಕ್ ಪದರ ಇದ್ದರೆ ಸಾಕಾಗುತ್ತದೆ. 35ರ ಹುಡುಗನಿಗೆ ಸವೆತ ಕಡಿಮೆ ಇರುವ ಸೆರಾಮಿಕ್‌ಗೆ ಖರ್ಚು ಮಾಡುವುದರಲ್ಲಿ ಅರ್ಥ ಇದೆ. ನಿಮ್ಮ ವಿಷಯದಲ್ಲಿ ಯಾವುದು, ಯಾಕೆ ಅಂತ ಸರ್ಜನ್ ಬಾಯಿಂದಲೇ ಕೇಳಿಸಿಕೊಳ್ಳಿ.

ಇನ್ನೂ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಿಂದಿನಿಂದ ಕುಯ್ಯುತ್ತೀರಾ, ಪಕ್ಕದಿಂದಲೋ, ಮುಂದಿನಿಂದಲೋ? ಅದರ ಪ್ರಕಾರ ನಾನು ಏನೇನು ಮಾಡಬಾರದು? ಆಪರೇಷನ್ ಆದ ಕಾಲಿನ ಮೇಲೆ ಪೂರ್ತಿ ಭಾರ ಯಾವಾಗ ಹಾಕಬಹುದು? ಈ ಉತ್ತರಗಳು ಮನೆಯವರಿಗೂ ಗೊತ್ತಿರಬೇಕು.

ಹೆಜ್ಜೆ 3: ದೇಹ ತಯಾರು ಮಾಡಿ (ಕನಿಷ್ಠ ಒಂದು ತಿಂಗಳು ಮುಂಚೆ)

ಈ ಆಪರೇಷನ್‌ನಲ್ಲಿ ಎಲ್ಲರೂ ಹೆದರುವುದು ಕೀಲಿಗೆ ಸೋಂಕು ತಗುಲುವುದಕ್ಕೆ. ಅಪರೂಪವೇ, ಆದರೆ ತಗುಲಿದರೆ ಮತ್ತೆ ಕುಯ್ದು ತೊಳೆಯಬೇಕು, ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆಯಬೇಕು. ಅದಕ್ಕೇ ಮೊದಲ ಕೆಲಸ ಸಕ್ಕರೆ ಹತೋಟಿ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ 7.5ರಿಂದ 8ರ ಒಳಗೆ ಬರಲಿ ಅಂತ ಬಹಳಷ್ಟು ಸರ್ಜನ್‌ಗಳು ಕಾಯುತ್ತಾರೆ. ಅವರು ತಾರೀಖು ಮುಂದೆ ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ.

ಹುಳುಕು ಹಲ್ಲು, ಕೀವು ತುಂಬಿದ ಒಸಡು ಇದ್ದರೆ ಮೊದಲೇ ಸರಿ ಮಾಡಿಸಿ. ಉರಿ ಮೂತ್ರ ಇದ್ದರೆ ಹೇಳಿ. ಗದ್ದೆ ಕೆಲಸ ಮಾಡುವವರು ಬೆರಳ ಸಂದಿಯ ಕೆಸರು ಹುಣ್ಣು, ಹಿಮ್ಮಡಿ ಬಿರುಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಪರೇಷನ್ ಆಗುವ ಕಾಲಿನಲ್ಲಿ ಸಣ್ಣ ಗಾಯ ಇದ್ದರೂ ಅಲ್ಲಿಂದ ಕ್ರಿಮಿ ಒಳಗೆ ಹೋಗಬಹುದು. ಒಂದೆರಡು ವಾರ ಕೆಸರಿಗೆ ಇಳಿಯಬೇಡಿ. ಪಾದ ತೊಳೆದು ಒಣಗಿಸಿ, ಡಾಕ್ಟರಿಗೆ ತೋರಿಸಿ.

ಬೀಡಿ, ಸಿಗರೇಟು, ಹೊಗೆಸೊಪ್ಪು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ಗಾಯ ಕೂಡಲು ರಕ್ತ ಓಡಾಡಬೇಕು, ತಂಬಾಕು ಅದನ್ನೇ ತಡೆಯುತ್ತದೆ. ಎಲೆಅಡಿಕೆ ಜೊತೆ ಹಾಕುವ ಹೊಗೆಸೊಪ್ಪೂ ಇದರಲ್ಲಿ ಸೇರಿತು. ರಕ್ತ ಕಡಿಮೆ ಇದ್ದರೆ ಈಗಲೇ ಕಬ್ಬಿಣದ ಮಾತ್ರೆ ಶುರು ಮಾಡಿಸಿಕೊಳ್ಳಿ.

ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಅರಿವಳಿಕೆ ಡಾಕ್ಟರಿಗೆ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಕೆಲವನ್ನು ಕೆಲವು ದಿನ ಮುಂಚೆ ನಿಲ್ಲಿಸಬೇಕು, ಕೆಲವನ್ನು ನಿಲ್ಲಿಸಬಾರದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸ್ವಂತ ಬುದ್ಧಿಯಿಂದ ನಿಲ್ಲಿಸುವುದು ಅಪಾಯ. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಹೆಸರಿಲ್ಲದ ಪುಡಿ, ಲೇಹ, ಕಷಾಯ ಏನು ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ನೋವಿಗೆ ಕೀಲಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ. ಅದಾಗಿ ಸುಮಾರು ಮೂರು ತಿಂಗಳು ಬಿಟ್ಟು ಆಪರೇಷನ್ ಮಾಡುವುದು ರೂಢಿ.

ವ್ಯಾಯಾಮ ಈಗಿನಿಂದಲೇ ಶುರುವಾಗಲಿ. ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಊರಿ ಮೈಯನ್ನು ಸ್ವಲ್ಪ ಮೇಲೆತ್ತಿ ಇಳಿಸಿ. ಇದರಿಂದ ತೋಳಿಗೆ ಬಲ ಬರುತ್ತದೆ. ವಾಕರ್ ಮೇಲೆ ಭಾರ ಬಿಡುವುದು ತೋಳೇ ತಾನೆ. ಮಲಗಿಕೊಂಡು ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದು ಎಣಿಸಿ ಬಿಡಿ. ಪೃಷ್ಠ ಬಿಗಿ ಹಿಡಿದು ಬಿಡಿ. ಹತ್ತು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ವಾಕರನ್ನೂ ಮುಂಚೆಯೇ ತಂದು ನಡೆದು ನೋಡಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ವಾಕರಿನ ಹಿಡಿ ಬರಬೇಕು. ಪಕ್ಕದ ಮನೆಯವರಿಂದ ಎರವಲು ತಂದ ವಾಕರ್ ಆದರೆ ಎತ್ತರ ಸರಿ ಮಾಡಿಕೊಳ್ಳಿ, ಕಾಲಿನ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಿ.

ಹೆಜ್ಜೆ 4: ಮನೆ

ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಮಕ್ಕಳು, ಸೊಸೆ, ಅಳಿಯ ಎಲ್ಲ ಇದ್ದಾಗ ಮಾಡಿ. ಕೈಯಲ್ಲಿ ಒಂದು ಟೇಪು ಇರಲಿ.

ಮೊದಲ ಅಳತೆ: ರೋಗಿಯನ್ನು ನಿಲ್ಲಿಸಿ ನೆಲದಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಅಳೆಯಿರಿ. ಅದಕ್ಕೆ ಎರಡು ಮೂರು ಇಂಚು ಸೇರಿಸಿ. ಮುಂದಿನ ಮೂರು ತಿಂಗಳು ಅವರು ಕೂರುವ ಮಂಚ, ಕುರ್ಚಿ, ಕಮೋಡ್ ಎಲ್ಲ ಕನಿಷ್ಠ ಅಷ್ಟು ಎತ್ತರ ಇರಬೇಕು. ಕೂತಾಗ ಮಂಡಿಗಿಂತ ಸೊಂಟ ಮೇಲಿರಬೇಕು ಅನ್ನುವುದೇ ಇದರ ಲೆಕ್ಕ. ಸೊಂಟ ಕೆಳಗಾದರೆ ಕೀಲು ಜಾಸ್ತಿ ಮಡಚಿ ಬಾಲ್ ಜಾರುವ ಭಯ ಇರುತ್ತದೆ.

ಚಾಪೆ ಮೇಲೆ ಮಲಗುವ ಅಭ್ಯಾಸ ಇದ್ದರೆ ಮಂಚ ತರಲೇಬೇಕು. ಮಂಚ ಕುಳ್ಳಗಿದ್ದರೆ ಬಡಗಿ ಹತ್ತಿರ ಕಾಲಿಗೆ ಗುಳಿ ಇರುವ ಮರದ ಅಡಿಗಟ್ಟೆ ಮಾಡಿಸಿ. ಸಡಿಲ ಇಟ್ಟಿಗೆ ಇಡಬೇಡಿ, ಜಾರುತ್ತದೆ. ಹಾಸಿಗೆ ಮಧ್ಯ ತಗ್ಗಿರಬಾರದು. ಮಹಡಿ ಮನೆಯಾದರೆ ಮಂಚ ಕೆಳಗೆ ಬರಲಿ, ನಡುಮನೆಯಾದರೂ ಸರಿ. ಕಕ್ಕಸು, ಬಚ್ಚಲಿಗೆ ಹತ್ತಿರ ಇರುವ ಕಡೆ ಹಾಕಿ.

ಕುರ್ಚಿಗೆ ಎರಡೂ ಕಡೆ ಕೈ ಇರಬೇಕು, ಅಲ್ಲಾಡಬಾರದು. ಒಳಕ್ಕೆ ಹೂತುಹೋಗುವ ಸೋಫಾ ಬೇಡ. ತಗ್ಗಿನ ಪ್ಲಾಸ್ಟಿಕ್ ಕುರ್ಚಿಯೂ ಬೇಡ, ಏಳುವಾಗ ಹಿಂದಕ್ಕೆ ಜಾರುತ್ತದೆ. ಹಳೆ ಕಾಲದ ಮರದ ಕುರ್ಚಿಗೆ ಗಟ್ಟಿ ದಿಂಬು ಹಾಕಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕಕ್ಕಸಿನ ವಿಷಯದಲ್ಲಿ ಸಂಕೋಚ ಬೇಡ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಬಳಸುವ ಹಾಗಿಲ್ಲ. ದುಡ್ಡಿದ್ದರೆ ಕಮೋಡ್ ಹಾಕಿಸಿ, ಹಬ್ಬಕ್ಕೆ ಬಣ್ಣ ಹೊಡೆಸುವುದನ್ನು ಮುಂದೆ ಹಾಕಿದರೂ ಪರವಾಗಿಲ್ಲ. ಆಗದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಇರುವ ಕಕ್ಕಸಿನ ಮೇಲೇ ಇಡಬಹುದು. ರಾತ್ರಿ ಹೊತ್ತು ಮಂಚದ ಪಕ್ಕಕ್ಕೂ ಆಗುತ್ತದೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಕಕ್ಕಸು ಹಿತ್ತಲಿನಲ್ಲಿದೆ. ಮಳೆಗಾಲದಲ್ಲಿ ಆ ದಾರಿ ಪಾಚಿ ಕಟ್ಟಿರುತ್ತದೆ. ಅಂಥ ಕಡೆ ಮೊದಲ ಆರು ವಾರ ಒಳಗೇ ಕಮೋಡ್ ಕುರ್ಚಿ ಬಳಸುವುದು ವಾಸಿ. ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ನೇತುಹಾಕುವ ಸರಳು ಆಳಿನ ಭಾರ ತಡೆಯುವುದಿಲ್ಲ.

ಸ್ನಾನಕ್ಕೆ ಮಣೆ ಬದಲು ಎತ್ತರದ ಸ್ಟೂಲು. ಬಕೆಟ್ಟನ್ನೂ ಇನ್ನೊಂದು ಸ್ಟೂಲಿನ ಮೇಲಿಡಿ, ಇಲ್ಲದಿದ್ದರೆ ಪ್ರತಿ ಚೊಂಬಿಗೂ ಬಗ್ಗಬೇಕಾಗುತ್ತದೆ. ಹಂಡೆಯಿಂದ ನೀರು ತೋಡಿಕೊಡುವುದು ಬೇರೆಯವರ ಕೆಲಸ. ಎಣ್ಣೆ ಸ್ನಾನ ಮೂರು ತಿಂಗಳು ಬೇಡ. ಆ ಬಚ್ಚಲಲ್ಲಿ ಬೇರೆಯವರು ಎಣ್ಣೆ ನೀರು ಹಾಕಿಕೊಂಡರೂ ನೆಲ ಉಜ್ಜಿ ಬಿಡಿ.

ಹೊಸ್ತಿಲನ್ನು ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಅದರ ಮೇಲೆ ಹಳದಿ ಟೇಪು ಅಂಟಿಸಿ, ದಾಟುವುದನ್ನು ಮುಂಚೆಯೇ ಅಭ್ಯಾಸ ಮಾಡಿ. ಬಾಗಿಲ ಬಳಿಯ ಕಾಲೊರಸು, ನೆಲದ ಮೇಲೆ ಹರಿದ ವೈರು, ಮಡಚಿಟ್ಟ ಚಾಪೆ, ಮಕ್ಕಳ ಆಟಿಕೆ ಎಲ್ಲ ತೆಗೆಯಿರಿ. ವಾಕರ್ ಅಗಲಕ್ಕೆ ದಾರಿ ಇರಬೇಕು. ಕರೆಂಟು ಹೋಗುವುದು ಇದ್ದದ್ದೇ, ದಿಂಬಿನ ಪಕ್ಕ ಟಾರ್ಚು ಇರಲಿ.

ಅಡುಗೆ ಮನೆಯಲ್ಲಿ ದಿನಾ ಬಳಸುವ ಪಾತ್ರೆ, ಡಬ್ಬ ಎಲ್ಲ ಸೊಂಟದ ಎತ್ತರಕ್ಕೆ ಬರಲಿ. ಈಳಿಗೆ ಮಣೆ ಎತ್ತಿಡಿ, ಮೇಜಿನ ಮೇಲೆ ಚಾಕುವಿನಲ್ಲಿ ಹೆಚ್ಚಲಿ. ರಂಗೋಲಿ ಬೇರೆಯವರು ಬಿಡಲಿ. ಮಂಡ್ಯ ಕಡೆಯ ಹೆಂಗಸರಿಗೆ ಇದನ್ನು ಒಪ್ಪಿಸುವುದು ಕಷ್ಟ ಅಂತ ನನಗೆ ಗೊತ್ತು. ಆಪರೇಷನ್ ಆದ ಹದಿನೈದನೇ ದಿನಕ್ಕೆ "ಸುಮ್ನೆ ಕೂತ್ಕೊಂಡ್ರೆ ಮನೆ ನಡೀತದಾ" ಅಂತ ಪೊರಕೆ ಹಿಡಿಯುತ್ತಾರೆ. ಅದಕ್ಕೇ ಈ ಮಾತು ಗಂಡಸರಿಗೆ: ಅಮ್ಮನಿಗೋ ಹೆಂಡತಿಗೋ ಆಪರೇಷನ್ ಮಾಡಿಸುವ ಮುಂಚೆ ಮೂರು ತಿಂಗಳ ಮನೆಗೆಲಸ ಯಾರು ಮಾಡುತ್ತಾರೆ ಅಂತ ಕೂತು ತೀರ್ಮಾನ ಮಾಡಿ. ಹಸು ಕರೆಯುವುದು, ಹುಲ್ಲು ಹಾಕುವುದು ಯಾರು ಅನ್ನುವುದೂ ಅದರಲ್ಲೇ ಬರಲಿ. ನಾಟಿ ಸಮಯ, ಕಬ್ಬು ಕಡಿಯುವ ಸಮಯದಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ತುರ್ತು ಇಲ್ಲದಿದ್ದರೆ ಆ ವೇಳೆ ಬಿಟ್ಟು ತಾರೀಖು ಗೊತ್ತು ಮಾಡಿ.

ಹೆಜ್ಜೆ 5: ಹಿಂದಿನ ದಿನ ಮತ್ತು ಆಪರೇಷನ್ ದಿನ

ಆಸ್ಪತ್ರೆಯವರು ಕೊಟ್ಟ ಕ್ರಿಮಿನಾಶಕ ಸೋಪಿನಲ್ಲಿ ಸ್ನಾನ ಮಾಡಿ. ಕೂದಲು ನೀವೇ ಬೋಳಿಸಬೇಡಿ, ಬ್ಲೇಡಿನ ಸಣ್ಣ ಗೀರೂ ಸೋಂಕಿಗೆ ದಾರಿ. ಬೇಕಿದ್ದರೆ ಅವರೇ ಯಂತ್ರದಲ್ಲಿ ತೆಗೆಯುತ್ತಾರೆ. ಉಗುರು ಕತ್ತರಿಸಿ, ಬಣ್ಣ ಅಳಿಸಿ. ಬಳೆ, ಉಂಗುರ, ಕಾಲುಂಗುರ ಮನೆಯಲ್ಲೇ ಇರಲಿ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದಿದ್ದರೆ ಹಿಂದಿನ ದಿನವೇ ನರ್ಸ್ ಹತ್ತಿರ ಮಾತಾಡಿ.

ಗಟ್ಟಿ ಆಹಾರ ಆರು ಗಂಟೆ ಮುಂಚೆ ನಿಲ್ಲಬೇಕು. ಬರೀ ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮುಂಚೆವರೆಗೆ ಬಿಡುತ್ತಾರೆ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಚೀಲದಲ್ಲಿ ಸಡಿಲ ನೈಟಿ ಅಥವಾ ಲುಂಗಿ, ಹಿಂದೆ ಪಟ್ಟಿ ಇರುವ ಜಾರದ ಚಪ್ಪಲಿ, ಕನ್ನಡಕ, ಕಿವಿ ಯಂತ್ರ, ಹಳೆ ರಿಪೋರ್ಟು, ವಾಕರ್ ಇರಲಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದು ಹೆಚ್ಚು ಬಳಕೆಯಲ್ಲಿದೆ. ಹಾಳಾದ ಚೆಂಡನ್ನು ಕತ್ತರಿಸಿ ತೆಗೆದು, ತೊಡೆ ಮೂಳೆಯೊಳಗೆ ಲೋಹದ ಕಡ್ಡಿ ಇಳಿಸಿ, ಅದರ ತಲೆಗೆ ಹೊಸ ಬಾಲ್ ಕೂರಿಸುತ್ತಾರೆ. ಬಟ್ಟಲನ್ನೂ ಉಜ್ಜಿ ಹೊಸ ಬಟ್ಟಲು ಹಾಕುತ್ತಾರೆ. ಇವತ್ತಿನ ಈ ವಿಧಾನಕ್ಕೆ ಬುನಾದಿ ಹಾಕಿದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ, 1960ರ ದಶಕದ ಶುರುವಿನಲ್ಲಿ.

ಹೆಜ್ಜೆ 6: ಆಸ್ಪತ್ರೆಯ ದಿನಗಳು

ಅರಿವು ಬಂದ ಕೂಡಲೇ ಪಾದವನ್ನು ಮೇಲೆ ಕೆಳಗೆ ಆಡಿಸಲು ಶುರು ಮಾಡಿ. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಇದು ನಿಮ್ಮ ಕೈಯಲ್ಲೇ ಇರುವ ಉಪಾಯ. ಅದರ ಜೊತೆ ಮಾತ್ರೆ ಅಥವಾ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಕೊಡುತ್ತಾರೆ, ಸಾಮಾನ್ಯವಾಗಿ 4ರಿಂದ 5 ವಾರ. ನೋವು ಹೋಯಿತು ಅಂತ ಅದನ್ನು ಮಧ್ಯದಲ್ಲಿ ಬಿಡಬಾರದು.

ಅದೇ ದಿನ ಸಂಜೆ ಅಥವಾ ಮಾರನೇ ದಿನ ನಿಲ್ಲಿಸಿ ನಡೆಸುತ್ತಾರೆ. "ಇಷ್ಟು ಬೇಗನಾ, ಹೊಲಿಗೆ ಬಿಚ್ಚಿಹೋದ್ರೆ?" ಅಂತ ಮನೆಯವರು ಗಾಬರಿಯಾಗುತ್ತಾರೆ. ಹೆದರಬೇಡಿ, ನಡೆಯುವುದೇ ಔಷಧಿ. ಮೊದಲ ಸಲ ತಲೆ ಸುತ್ತಬಹುದು. ಅದಕ್ಕೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ಏಳಿ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ತೆಗೆದುಕೊಂಡರೆ ಕೆಲಸ ಸಲೀಸು.

ವಯಸ್ಸಾದವರು ಕೆಲವರು ಎರಡನೇ ಮೂರನೇ ರಾತ್ರಿ ಏನೇನೋ ಮಾತಾಡುತ್ತಾರೆ. ಊರಿಗೆ ಹೋಗಬೇಕು ಅನ್ನುತ್ತಾರೆ, ಸೂಜಿ ಕೀಳುತ್ತಾರೆ, ಮಕ್ಕಳ ಗುರುತು ಹಿಡಿಯುವುದಿಲ್ಲ. ಇದು ಗಾಳಿ ಸೋಕಿದ್ದೂ ಅಲ್ಲ, ಹುಚ್ಚೂ ಅಲ್ಲ. ಆಪರೇಷನ್ ನಂತರ ಹಿರಿಯರಲ್ಲಿ ಕಾಣುವ ತಾತ್ಕಾಲಿಕ ಗೊಂದಲ. ತಕ್ಷಣ ನರ್ಸ್‌ಗೆ ಹೇಳಿ. ಸೋಂಕು, ಉಪ್ಪಿನಂಶದ ಏರುಪೇರು, ಮೂತ್ರ ಕಟ್ಟಿರುವುದು ಕಾರಣ ಇರಬಹುದು, ನೋಡುತ್ತಾರೆ. ನೀವು ಮಾಡಬೇಕಾದ್ದು: ಕನ್ನಡಕ, ಕಿವಿ ಯಂತ್ರ ಹಾಕಿ, ಹಗಲು ಕಿಟಕಿ ತೆರೆದಿಡಿ, ರಾತ್ರಿ ನಿದ್ದೆಗೆ ಬಿಡಿ. ಪರಿಚಿತ ಮುಖ ಒಂದು ಪಕ್ಕದಲ್ಲಿರಲಿ.

ಬಿಡುಗಡೆಗೆ ಮುಂಚೆ ಒಂದು ಕೆಲಸ ಮರೆಯಬೇಡಿ. ಹಾಕಿದ ಕೀಲಿನ ಡಬ್ಬದ ಮೇಲೆ ಕಂಪನಿ, ಅಳತೆ, ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಅದರ ಪ್ರತಿ ನಿಮ್ಮ ಡಿಸ್ಚಾರ್ಜ್ ಕಾಗದದಲ್ಲಿ ಇರಲೇಬೇಕು. ಫೋಟೋ ತೆಗೆದು ಇಬ್ಬರ ಫೋನಿನಲ್ಲಿ ಇಡಿ. 2010ರಲ್ಲಿ ಒಂದು ಬಗೆಯ ಲೋಹದ ಮೇಲೆ ಲೋಹ ಉಜ್ಜುವ ಕೀಲನ್ನು ತಯಾರಕರು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡರು. ಇಂಥ ಸಮಯದಲ್ಲಿ ತಮ್ಮೊಳಗೆ ಇರುವುದು ಯಾವುದು ಅಂತ ತಿಳಿಯಲು ಈ ಸ್ಟಿಕ್ಕರೇ ಆಧಾರ.

ಮನೆಗೆ ಹೋಗಲು ಆಟೋ ಬೇಡ, ಕಾರು ಮಾಡಿ. ಮುಂದಿನ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನು ವಾಲಿಸಿ, ಕೆಳಗೆ ಗಟ್ಟಿ ದಿಂಬು ಹಾಕಿ. ಮೊದಲು ಸೀಟಿಗೆ ಬೆನ್ನು ಕೊಟ್ಟು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತನ್ನಿ. ಮೈಸೂರಿನಿಂದ ನಾಗಮಂಗಲ, ಮಳವಳ್ಳಿ ಕಡೆಗೆ ಹೋಗುವವರು ದಾರಿಯಲ್ಲಿ ಒಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಹೆಜ್ಜೆ 7: ಮನೆಯಲ್ಲಿ ಮೊದಲ ಆರು ವಾರ

ಹಿಂದಿನಿಂದ ಕುಯ್ದು ಮಾಡಿದ ಆಪರೇಷನ್ ಆದರೆ ಮೂರು ನಿಯಮ. ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು, ಅಂದರೆ ಕೂತಲ್ಲಿಂದ ಬಗ್ಗಿ ನೆಲದ ವಸ್ತು ಎತ್ತಬಾರದು. ಕಾಲ ಮೇಲೆ ಕಾಲು ಹಾಕಬಾರದು. ಆ ಕಾಲಿನ ಪಾದವನ್ನು ಒಳಕ್ಕೆ ತಿರುಗಿಸಬಾರದು. ಮಲಗುವಾಗ ಅಂಗಾತ ಮಲಗಿ, ಕಾಲುಗಳ ಮಧ್ಯೆ ದಿಂಬು. ಮುಂದಿನಿಂದ ಕುಯ್ದಿದ್ದರೆ ನಿಯಮ ಬೇರೆ. ಕಾಲನ್ನು ತೀರ ಹಿಂದಕ್ಕೆ ಚಾಚಬಾರದು, ಹೊರಕ್ಕೆ ತಿರುಗಿಸಬಾರದು. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಅನ್ವಯಿಸದೇ ಇರಬಹುದು, ಅದಕ್ಕೇ ಮೊದಲೇ ಕೇಳಿಟ್ಟುಕೊಳ್ಳಿ ಅಂದದ್ದು.

ನಡೆಯುವಾಗ ಮೊದಲು ವಾಕರ್, ಆಮೇಲೆ ಆಪರೇಷನ್ ಕಾಲು, ಕೊನೆಗೆ ಒಳ್ಳೆ ಕಾಲು. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರ್ರನೆ ತಿರುಗಬೇಡಿ, ಸಣ್ಣ ಸಣ್ಣ ಹೆಜ್ಜೆ ಹಾಕಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಕಾಲು ಮುಂದೆ. ಕೂರುವಾಗ ಕುರ್ಚಿ ಕಾಲಿಗೆ ತಾಗುವವರೆಗೆ ಹಿಂದೆ ಸರಿದು, ಆಪರೇಷನ್ ಕಾಲನ್ನು ಸ್ವಲ್ಪ ಮುಂದೆ ಚಾಚಿ, ಕುರ್ಚಿಯ ಕೈ ಹಿಡಿದು ನಿಧಾನ ಕೂತುಕೊಳ್ಳಿ.

ವ್ಯಾಯಾಮ ದಿನಕ್ಕೆ ಮೂರು ಹೊತ್ತು. ಮೊದಲು ಹೇಳಿದವುಗಳ ಜೊತೆ ಮಲಗಿ ಹಿಮ್ಮಡಿ ಜಾರಿಸಿ ಮಂಡಿ ಮಡಚುವುದು, ಕಾಲನ್ನು ಪಕ್ಕಕ್ಕೆ ಜಾರಿಸುವುದು ಸೇರುತ್ತವೆ. ಸ್ವಲ್ಪ ಬಲ ಬಂದ ಮೇಲೆ ಅಡುಗೆ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ, ಹಿಂದಕ್ಕೆ ಎತ್ತುವುದು. ಪಕ್ಕದ ಸ್ನಾಯು ಬಲವಾಗದಿದ್ದರೆ ಕುಂಟು ಉಳಿಯುತ್ತದೆ, ಹಾಗಾಗಿ ಇದನ್ನು ತಪ್ಪಿಸಬೇಡಿ. ನಡಿಗೆ ಒಂದೇ ಸಲ ದೂರ ಬೇಡ. ಐದೈದು ನಿಮಿಷ, ದಿನಕ್ಕೆ ಹಲವು ಸಲ. ಸಂಜೆಗೆ ಕಾಲು ಊದಿದರೆ ಮಲಗಿ ದಿಂಬಿನ ಮೇಲೆ ಎತ್ತರಿಸಿ. ಊತ ತಿಂಗಳುಗಟ್ಟಲೆ ಬಂದು ಹೋಗುತ್ತಿರುತ್ತದೆ. ಆ ಕಾಲು ಉದ್ದ ಆಗಿದೆ ಅಂತ ಅನ್ನಿಸುವುದೂ ಉಂಟು. ಬಹಳ ಜನರಿಗೆ ಸ್ನಾಯು ಹೊಂದಿಕೊಂಡ ಮೇಲೆ ಅದು ಕಡಿಮೆಯಾಗುತ್ತದೆ.

ಮೀನಖಂಡವನ್ನು ಎಣ್ಣೆ ಹಚ್ಚಿ ನೀವಬೇಡಿ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಒಳಗೆ ರಕ್ತದ ಹೆಪ್ಪು ಇದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಗಾಯಕ್ಕೆ ಅರಿಶಿನ, ವಿಭೂತಿ, ಎಣ್ಣೆ ಯಾವುದೂ ಬೇಡ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 12ರಿಂದ 14 ದಿನಕ್ಕೆ.

ಊಟದ ವಿಷಯ. ಬದನೆಕಾಯಿ ನಂಜು, ಮೊಟ್ಟೆ ನಂಜು, ಸೊಪ್ಪು ತಿಂದರೆ ಕೀವು ಅಂತ ಬರೀ ಗಂಜಿ, ಬ್ರೆಡ್ಡು ಕೊಡುವ ಮನೆಗಳು ಇನ್ನೂ ಇವೆ. ಗಾಯ ಕೂಡಲು ಪ್ರೋಟೀನ್ ಬೇಕು. ಹುರುಳಿಕಾಳು, ಅವರೆಕಾಳು, ಬೇಳೆ, ಹಾಲು, ಮೊಸರು, ಮೊಟ್ಟೆ, ತಿನ್ನುವವರಿಗೆ ಮೀನು, ಕೋಳಿ ಎಲ್ಲ ಕೊಡಿ. ರಾಗಿ ಮುದ್ದೆ, ಬಸ್ಸಾರು ಧಾರಾಳವಾಗಿ ತಿನ್ನಲಿ. ನೋವಿನ ಮಾತ್ರೆಯಿಂದ ಮಲಬದ್ಧತೆ ಆಗುತ್ತದೆ, ಸೊಪ್ಪು ಮತ್ತು ನೀರು ಅದಕ್ಕೂ ಬೇಕು. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಿನ್ನುವವರು ಮಾತ್ರ ಸೊಪ್ಪಿನ ಪ್ರಮಾಣ ದಿನದಿಂದ ದಿನಕ್ಕೆ ಏರುಪೇರು ಮಾಡಬಾರದು.

ನೋಡಲು ಬರುವ ನೆಂಟರಿಗೆ ಒಂದು ಹೊತ್ತು ಗೊತ್ತು ಮಾಡಿ. ಎಲ್ಲರ ಜೊತೆ ಗಂಟೆಗಟ್ಟಲೆ ಕೂತು ಮಾತಾಡಿದರೆ ಕಾಲು ಊದುತ್ತದೆ. ಒಂದೇ ಕಡೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಕೂರುವುದು ಬೇಡ. ಕೆಮ್ಮು, ಜ್ವರ ಇದ್ದವರು ಫೋನಿನಲ್ಲೇ ಮಾತಾಡಲಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಇವು. ಗೋಡೆಗೆ ಬರೆದು ಅಂಟಿಸಿ:

- ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ. ತಕ್ಷಣ 108ಕ್ಕೆ ಫೋನ್ ಮಾಡಿ.
- ಮೀನಖಂಡದಲ್ಲಿ ಹೊಸದಾಗಿ ನೋವು, ಬಿಗಿತ, ಒಂದೇ ಕಾಲು ಜಾಸ್ತಿ ಊದುವುದು.
- ಕೂತು ಏಳುವಾಗ ಕಟಕ್ ಅಂದು ವಿಪರೀತ ನೋವು, ಕಾಲು ಗಿಡ್ಡವಾಗಿ ತಿರುಗಿಕೊಳ್ಳುವುದು. ಕೀಲು ಜಾರಿರಬಹುದು. ಎಳೆದು ಕೂರಿಸಲು ಹೋಗಬೇಡಿ.
- ಗಾಯದಿಂದ ನೀರು, ಕೀವು, ಸುತ್ತ ಕೆಂಪು, ಚಳಿ ಜ್ವರ.

ಹೆಜ್ಜೆ 8: ಆರು ವಾರದಿಂದ ಮೂರು ತಿಂಗಳು

ವಾಕರ್ ಬಿಟ್ಟು ಕೋಲು ಹಿಡಿಯುವ ಕಾಲ. ಬಲಗಾಲಿಗೆ ಆಪರೇಷನ್ ಆಗಿದ್ದರೆ ಕೋಲು ಎಡಗೈಯಲ್ಲಿ. ಬಹಳ ಜನ ಉಲ್ಟಾ ಹಿಡಿಯುತ್ತಾರೆ. ಕುಂಟದೆ ನಡೆಯಲು ಆದ ಮೇಲೆ ಕೋಲು ಬಿಡಿ. ನಾಚಿಕೆ ಪಟ್ಟು ಮೊದಲೇ ಬಿಟ್ಟರೆ ಕುಂಟು ಅಭ್ಯಾಸ ಆಗಿಬಿಡುತ್ತದೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ದಾರಿ ಇದೆ, ಬೆಳಗ್ಗೆ ಹೊತ್ತು ನಡೆಯಲು ಬಲು ಚೆನ್ನ. ಹಳ್ಳಿಯಲ್ಲಿ ಗದ್ದೆ ಬದು, ನಾಲೆ ಏರಿ ಮೇಲೆ ಈಗಲೇ ಬೇಡ.

ಕಾರು ಓಡಿಸುವುದು ಸಾಮಾನ್ಯವಾಗಿ ಆರು ವಾರದ ನಂತರ, ಡಾಕ್ಟರು ಒಪ್ಪಿದ ಮೇಲೆ. ದ್ವಿಚಕ್ರ ವಾಹನಕ್ಕೆ ಇನ್ನೂ ಕಾಯಿರಿ. ಮೊಪೆಡ್ಡಿನ ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ ಕೂರುವುದು ಈ ಹಂತದಲ್ಲಿ ಬೇಡವೇ ಬೇಡ. ಕೂತು ಮಾಡುವ ಕೆಲಸಕ್ಕೆ ಆರರಿಂದ ಎಂಟು ವಾರಕ್ಕೆ ಹೋಗಬಹುದು. ಮೈಮುರಿದು ದುಡಿಯುವ ಕೆಲಸಕ್ಕೆ ಕನಿಷ್ಠ ಮೂರು ತಿಂಗಳು.

ಗಂಡ ಹೆಂಡತಿ ಕೂಡುವುದರ ಬಗ್ಗೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಡಾಕ್ಟರೂ ತಾವಾಗಿ ಹೇಳುವುದಿಲ್ಲ. 35, 40ರ ವಯಸ್ಸಿನವರಿಗೆ ಇದು ದೊಡ್ಡ ಚಿಂತೆ. ಆರರಿಂದ ಎಂಟು ವಾರ ಕಳೆದ ಮೇಲೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆಪರೇಷನ್ ಆದವರು ಅಂಗಾತ ಮಲಗಿರುವುದು ಸುರಕ್ಷಿತ, ಹೆಜ್ಜೆ 7ರಲ್ಲಿ ನಿಮ್ಮ ಆಪರೇಷನ್‌ಗೆ ಹೇಳಿದ ನಿಯಮ ಇಲ್ಲೂ ಅನ್ವಯ.

ಹೆಜ್ಜೆ 9: ಆಮೇಲಿನ ವರ್ಷಗಳು

ನೆಲದ ಮೇಲೆ ಮತ್ತೆ ಕೂರಬಹುದಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಕೆಲವು ಸರ್ಜನ್‌ಗಳು ಚಿಕ್ಕ ವಯಸ್ಸಿನವರಿಗೆ, ಹಾಕಿದ ಕೀಲು ಮತ್ತು ಸ್ನಾಯುವಿನ ಬಲ ನೋಡಿಕೊಂಡು, ಕೆಲವು ತಿಂಗಳ ನಂತರ ಬಿಡುತ್ತಾರೆ. ಹೆಚ್ಚಿನವರಿಗೆ ನನ್ನ ಸಲಹೆ, ಬೇಡ. ಕುಕ್ಕರಗಾಲಂತೂ ಬೇಡ. ಮದುವೆ ಊಟಕ್ಕೆ ಮೇಜಿನ ಪಂಕ್ತಿಯಲ್ಲಿ ಕೂತುಕೊಳ್ಳಿ. ದೇವರ ಮನೆಯಲ್ಲಿ ಕುರ್ಚಿ ಹಾಕಿಕೊಳ್ಳಿ. ಅಡ್ಡಬೀಳುವ ಬದಲು ನಿಂತೇ ಕೈ ಮುಗಿಯಿರಿ. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಬಿಟ್ಟು ಬಸ್ಸಿನಲ್ಲಿ ಹೋಗಿ. ಭತ್ತದ ನಾಟಿ, ಕಳೆ ಕೀಳುವುದು, ಮೂಟೆ ಹೊರುವುದು ಬಿಟ್ಟು ನೀರು ಕಟ್ಟುವುದು, ಮೇಲ್ವಿಚಾರಣೆ ಇಂಥದ್ದಕ್ಕೆ ಬದಲಾಗುವುದು ಒಳ್ಳೆಯದು. ನಡಿಗೆ, ಈಜು, ಸೈಕಲ್ ಹಿತ. ಓಟ, ಜಿಗಿತ ಕೀಲನ್ನು ಬೇಗ ಸವೆಸುತ್ತವೆ.

ಹೊಸ ಕೀಲು ಎಷ್ಟು ವರ್ಷ ಬರುತ್ತದೆ? ಹೊರದೇಶಗಳ ದೊಡ್ಡ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಂದ ಲೆಕ್ಕದಲ್ಲಿ ಶೇ. 58ರಷ್ಟು ಕೀಲುಗಳು 25 ವರ್ಷ ಬಾಳಿದ್ದವು. ಅವು ಹಳೆಯ ಕಾಲದ ಕೀಲುಗಳು, ಈಗಿನ ಪ್ಲಾಸ್ಟಿಕ್ ಪದರ ಇನ್ನೂ ಕಡಿಮೆ ಸವೆಯುತ್ತದೆ. ಸಡಿಲವಾದರೆ ಎಷ್ಟೋ ಸಲ ಮೊದಲು ಎಕ್ಸ್‌ರೇಯಲ್ಲಿ ಕಾಣುತ್ತದೆ, ನೋವು ಆಮೇಲೆ ಬರುತ್ತದೆ. ಅದಕ್ಕೇ ನೋವಿಲ್ಲದಿದ್ದರೂ ಆರು ವಾರಕ್ಕೆ, ಒಂದು ವರ್ಷಕ್ಕೆ, ಆಮೇಲೆ ಡಾಕ್ಟರು ಹೇಳಿದಷ್ಟು ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಹಲ್ಲು ಕೀಳಿಸುವಾಗ, ಎಂಆರ್‌ಐ ಮಾಡಿಸುವಾಗ, ಬೇರೆ ಯಾವ ಆಪರೇಷನ್‌ಗೆ ಹೋದರೂ ಸೊಂಟಕ್ಕೆ ಕೀಲು ಹಾಕಿದೆ ಅಂತ ಮೊದಲೇ ಹೇಳಿ, ಸ್ಟಿಕ್ಕರ್ ತೋರಿಸಿ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ, ಮೈಮೇಲೆ ಕುರು ಎದ್ದರೆ, ಮೂತ್ರ ಉರಿದರೆ ಎರಡು ದಿನ ನೋಡೋಣ ಅನ್ನದೆ ಅವತ್ತೇ ಚಿಕಿತ್ಸೆ ತೆಗೆದುಕೊಳ್ಳಿ. ಅಲ್ಲಿನ ಕ್ರಿಮಿ ರಕ್ತದ ಮೂಲಕ ಕೀಲಿಗೆ ಬಂದು ಸೇರುವ ಅಪಾಯ ಹತ್ತು ವರ್ಷದ ಮೇಲೂ ಇರುತ್ತದೆ.